ಶನಿವಾರದ ಹಿಕ್ಕೆ ಮೂಟೆ

ನಮ್ಮೂರಿನ ಅಂಗನವಾಡಿಗೆ ಹೊಸ ಕಟ್ಟಡ ಬಂದಿದೆ. ಅದರ ಬಾಗಿಲು ತೆರೆಯುವ ದಿನ ಒಂದು ಸಣ್ಣ ಪುಸ್ತಕ ತರಬೇಕೆಂದು ಊರ ಹುಡುಗರು ಹೊರಟಿದ್ದಾರೆ. "ಸಾರ್, ಹಳೇ ಟೀಚರಮ್ಮನ ಬಗ್ಗೆ ನೀವೇ ಬರ್ಕೊಡಿ, ನೀವು ಕನ್ನಡ ಮೇಷ್ಟ್ರು" ಎಂದು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಹುಟ್ಟಿದೂರು, ಓದು, ಸೇವೆ, ಪಡೆದ ಸನ್ಮಾನ ಎಲ್ಲ ಬರಲಿ ಎಂದೂ ಹೇಳಿ ಹೋದರು. ಬರೆಯಲು ಕೂತು ನೋಡಿದರೆ ಅವುಗಳಲ್ಲಿ ಒಂದೂ ನನಗೆ ಸರಿಯಾಗಿ ಗೊತ್ತಿಲ್ಲ. ನನಗೆ ಗೊತ್ತಿರುವುದೆಲ್ಲ ಒಂದು ಬೆಕ್ಕಿನ ಮರಿಯ ಸುತ್ತ ಸುತ್ತುತ್ತದೆ. ಅದನ್ನೇ ಬರೆಯುತ್ತೇನೆ, ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು. ಹೆಸರು ಮಾತ್ರ ಬರೆಯುವುದಿಲ್ಲ. "ಬೆಕ್ಕಿನ ಕಕ್ಕಸ್ಸಿನ ಕಥೆಗೆ ನನ್ನ ಹೆಸರು ಹಾಕಿದ್ಯೇನೋ" ಎಂದು ಅವರು ಕೇಳಿದರೆ ಉತ್ತರ ಕೊಡುವ ಧೈರ್ಯ ಈ ವಯಸ್ಸಿನಲ್ಲೂ ನನಗಿಲ್ಲ.

ಶಿಡ್ಲಘಟ್ಟದಿಂದ ಚಿಂತಾಮಣಿ ರಸ್ತೆ ಹಿಡಿದು ಸ್ವಲ್ಪ ದೂರ ಹೋಗಿ ಒಳಕ್ಕೆ ತಿರುಗಿದರೆ ನಮ್ಮೂರು. ಊರ ಸುತ್ತ ಹಿಪ್ಪುನೇರಳೆ ತೋಟ, ಮನೆಗೊಂದು ರೇಷ್ಮೆ ಹುಳು ಸಾಕುವ ಕೋಣೆ. ಆ ಊರಿಗೆ ಅವರು ಅಂಗನವಾಡಿ ಟೀಚರಾಗಿ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ನಡೆಯುವುದು ಕಲಿತ ಮೇಲೆ ನಮ್ಮಮ್ಮ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಹೋಗಿ ಅವರ ಮುಂದೆ ಇಳಿಸಿ ಸೊಪ್ಪು ಕೊಯ್ಯಲು ಹೋದಳಂತೆ. ಅ ಆ ಇ ಈ ನನಗೆ ಆಮೇಲೆ ಬೇರೆಯವರು ಕಲಿಸಿದರು. ಎಲ್ಲಿ ಕೂರಬೇಕು ಎಂಬುದನ್ನು ಕಲಿಸಿದವರು ಇವರು.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಅಂಗನವಾಡಿಯ ಹಿಂದೆ ಒಂದು ಹೊಂಗೆ ಮರ, ಅದರಾಚೆ ತಗಡಿನ ಮರೆ. ಹಾಲು ಕುಡಿಸಿದ ಮೇಲೆ ಒಂದು ಸಲ, ಮಲಗಿ ಎದ್ದ ಮೇಲೆ ಒಂದು ಸಲ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗುವರು. ಹೊಸದಾಗಿ ಬಂದ ಮಗು ಮೊದಲ ಸಲ ತಾನಾಗಿಯೇ "ಟೀಚರಮ್ಮ, ಒಂದಕ್ಕೆ" ಎಂದು ಬೆರಳೆತ್ತಿದ ದಿನ ಇಡೀ ಅಂಗನವಾಡಿ ಚಪ್ಪಾಳೆ ತಟ್ಟಬೇಕು. ತಪ್ಪಿ ಒಳಗೇ ಮಾಡಿಕೊಂಡ ಮಗುವಿಗೆ ಒಂದು ಮಾತು ಅನ್ನುತ್ತಿರಲಿಲ್ಲ. ಸಹಾಯಕಿ ಗದರಿದರೆ ಅವಳಿಗೇ ಬೈಗುಳ ಬೀಳುತ್ತಿತ್ತು. "ಬೈದ್ರೆ ಮಗು ಕಲಿಯಲ್ಲ ಕಣೇ, ಬಚ್ಚಿಡೋದು ಕಲಿಯುತ್ತೆ. ಮುಖ ನೋಡ್ತಿರು. ಆಡ್ತಾ ಆಡ್ತಾ ಮುಖ ಗಂಭೀರ ಆಯ್ತು ಅಂದ್ರೆ ಎತ್ಕೊಂಡು ಓಡು" ಎನ್ನುವರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಬೇರೆಯವರು ಬುದ್ಧಿವಾದಕ್ಕೆ ಹೇಳಿದರೆ, ಇವರು ಅದನ್ನು ಕೂರುವ ಭಂಗಿ ತೋರಿಸುವಾಗ ಹೇಳುತ್ತಿದ್ದರು.

ಹೀಗಾಗಿ ಊರಿನಲ್ಲಿ ಅವರ ಮುಂದೆ ಯಾರೂ ದೊಡ್ಡವರಾಗಲು ಸಾಧ್ಯವಿರಲಿಲ್ಲ. ಒಂದು ಸಲ ಪಂಚಾಯ್ತಿ ಮೆಂಬರೊಬ್ಬ, ಹೊಸದಾಗಿ ಗೆದ್ದ ಬಿಸಿ, ಬಿಳಿ ಅಂಗಿ ಹಾಕಿಕೊಂಡು ಅಂಗನವಾಡಿಗೆ ಬಂದು ಮೊಟ್ಟೆಯ ಲೆಕ್ಕ ಕೊಡಿ ಎಂದು ಜೋರು ಮಾಡಿದ. ಹೊರಗೆ ಜನ ಸೇರಿದ್ದರು. ಟೀಚರಮ್ಮ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ಲೆಕ್ಕ ಕೊಡ್ತೀನಿ ಕೂತ್ಕೊಳಪ್ಪ. ಚಡ್ಡಿ ಗಂಟು ಬಿಚ್ಚಕ್ಕೆ ಬರ್ದೇ ಹೊಂಗೆ ಮರದ ಕೆಳಗೆ ನಿಂತ್ಕೊಂಡು ಅಳ್ತಿದ್ಯಲ್ಲ, ಈಗ ಬಿಚ್ಚಕ್ಕೆ ಬರುತ್ತಾ" ಎಂದರು. ಅವನು ಚಾಪೆಯ ಮೇಲೆ ಮಕ್ಕಳ ನಡುವೆ ಕೂತು ಲೆಕ್ಕ ನೋಡಿ ಹೋದ. ಲೆಕ್ಕವೇನೋ ಸರಿಯಾಗಿಯೇ ಇತ್ತು.

ನನ್ನ ಮದುವೆಯ ಆರತಕ್ಷತೆಯಲ್ಲಿ ವೇದಿಕೆ ಹತ್ತಿ ಬಂದವರು ನನಗೆ ಅಕ್ಷತೆ ಹಾಕಿ, ನನ್ನ ಹೆಂಡತಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಅವಳು ಫೋಟೋ ತೆಗೆಯುವವನು ಕಾಯುತ್ತಿದ್ದರೂ ನಗು ತಡೆಯಲಾಗದೆ ತಲೆ ತಗ್ಗಿಸಿದಳು. ಏನೆಂದರು ಎಂದು ಆಮೇಲೆ ಕೇಳಿದೆ. "ಭಯ ಬೀಳ್ಬೇಡಮ್ಮ. ಸ್ವಲ್ಪ ಲೇಟಾದ್ರೂ ಚೆನ್ನಾಗಿ ಕಲ್ತವ್ನೆ, ಅಂದ್ರು" ಎಂದಳು. ಆ ಮಾತು ನಮ್ಮ ಮನೆಯಲ್ಲಿ ಇವತ್ತಿಗೂ ಓಡಾಡುತ್ತದೆ, ಮುಖ್ಯವಾಗಿ ನಾನು ಸಿಟ್ಟಾದಾಗ.

ಬೆಕ್ಕು ಬಂದದ್ದು ಅವರು ರಿಟೈರಾಗುವ ವರ್ಷ. ಅಂಗನವಾಡಿಯ ಆಹಾರದ ಮೂಟೆಗಳ ಹಿಂದೆ ಯಾವುದೋ ಬೆಕ್ಕು ಮರಿ ಹಾಕಿತ್ತು. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದಂತೆ. ಆ ತಾಯಿಯೂ ಒಂದೊಂದನ್ನೇ ಕಚ್ಚಿಕೊಂಡು ಹೋಯಿತು. ಕೊನೆಯದನ್ನು ಯಾಕೋ ಮೊದಲ ಮನೆಯಲ್ಲೇ ಬಿಟ್ಟಿತು. ಬೂದುಬಣ್ಣದ ಮೈ, ಒಂದು ಕಿವಿ ಮಾತ್ರ ಕಪ್ಪು. ಮಕ್ಕಳ ಹಾಲಿನಲ್ಲಿ ಒಂದು ಮುಚ್ಚಳದಷ್ಟು ಅದಕ್ಕೂ ಸಿಕ್ಕಿತು. ಟೀಚರಮ್ಮ ಅದಕ್ಕೆ ಹೆಸರಿಡಲಿಲ್ಲ, 'ಹೊಸ ಅಡ್ಮಿಷನ್' ಎಂದು ಕರೆದರು. ಮಕ್ಕಳೂ ಅದನ್ನೇ ಹಿಡಿದರು. ಕೊನೆಗೆ ಅದು ಅದರ ಹೆಸರೇ ಆಯಿತು.

ಟೀಚರಮ್ಮನವರ ಮಗಳು ಗೌರಿಬಿದನೂರಿನಲ್ಲಿ ನರ್ಸು. ಅಲ್ಲೇ ಹೊಸದಾಗಿ ಮನೆ ಕಟ್ಟಿಸಿದ್ದಳು. ಅಮ್ಮ ರಿಟೈರಾದ ಮೇಲೆ ಬಾಡಿಗೆ ಮನೆಯಲ್ಲಿ ಒಬ್ಬರೇ ಯಾಕಿರಬೇಕು, ಇಲ್ಲಿಗೇ ಬರಲಿ ಎಂಬುದು ಅವಳ ಹಟ. ಒಳ್ಳೆಯ ಹುಡುಗಿ, ಅಮ್ಮನಿಗೆಂದೇ ಕೆಳಗಡೆ ಒಂದು ಕೋಣೆ ಬಿಟ್ಟು ಕಟ್ಟಿಸಿದ್ದಳು. ಬರುತ್ತೇನೆ ಎಂದು ಇವರು ಒಪ್ಪಿದ್ದೂ ಆಗಿತ್ತು. ಬೆಕ್ಕಿನ ವಿಷಯ ಎತ್ತಿದಾಗ ಮಾತ್ರ ಮಗಳು ಒಂದು ಷರತ್ತು ಹಾಕಿದಳು. ನಾನು ಆಗ ಅವರ ಮನೆಯಲ್ಲೇ ಇದ್ದೆ, ಸ್ಪೀಕರ್ ಹಾಕಿಯೇ ಮಾತಾಡಿದರು.

"ಬೆಕ್ಕು ತಗೊಂಬಾಮ್ಮ, ಬೇಡ ಅನ್ನಲ್ಲ. ಹೊರಗಡೆ ನಾಯಿ ಕಾಟ, ಒಳಗೇ ಇರಬೇಕು. ಒಳಗೆ ಗಲೀಜು ಮಾಡಿದ್ರೆ ಮಾತ್ರ ನಾನು ಇಟ್ಕೊಳ್ಳಲ್ಲ. ಆಸ್ಪತ್ರೇಲಿ ದಿನವೆಲ್ಲ ಅದೇ ಕೆಲಸ ನಂದು."

"ಎಷ್ಟು ಜನಕ್ಕೆ ಕಲಿಸಿದೀನಿ, ಒಂದು ಬೆಕ್ಕಿಗೆ ಕಲಿಸಕ್ಕಾಗಲ್ವಾ" ಎಂದು ಫೋನಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. "ಆ ಮನೇಲಿ ಎಲ್ಲಾ ಅವರವರಿಗೆ ಗೊತ್ತಿರೋರೇ. ನಾನೊಬ್ಳೇ ಹೊಸಬಳು ಕಣೋ. ಇದೂ ಬಂದ್ರೆ ಇಬ್ರು ಆಗ್ತೀವಿ."

ಅಷ್ಟು ಹೇಳಿ ಎದ್ದು ಕಾಫಿಗೆ ನೀರಿಟ್ಟರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೂವತ್ತು ಮಕ್ಕಳು ಒಟ್ಟಿಗೆ ಅತ್ತರೂ ಹೆದರದವರು ಮಗಳ ಮನೆಯ ಹೊಸ ನೆಲಕ್ಕೆ ಹೆದರಿದ್ದರು. ಬೆಕ್ಕು ಕಲಿತರೆ ಜೊತೆಗೆ ಹೋಗುತ್ತದೆ, ಕಲಿಯದಿದ್ದರೆ ಇಲ್ಲೇ ಉಳಿಯುತ್ತದೆ. ಹೊರಡುವುದಕ್ಕೆ ಇನ್ನು ಒಂದು ತಿಂಗಳಿತ್ತು.

ಪಾಠ ಶುರುವಾಯಿತು. ಹಳೆಯದೊಂದು ಪ್ಲಾಸ್ಟಿಕ್ ಬೇಸಿನ್ ತಂದು ಮೊದಲು ಒಲೆಯ ಬೂದಿ ತುಂಬಿದರು. ಹೊಸ ಅಡ್ಮಿಷನ್ ಅದರಲ್ಲಿ ಬೆಚ್ಚಗೆ ಮಲಗಿ, ಎದ್ದು, ಮನೆ ತುಂಬ ಬಿಳಿ ಹೆಜ್ಜೆ ಹಾಕಿ, ಚಾಪೆಯ ಮೂಲೆಯಲ್ಲಿ ಕೆಲಸ ಮುಗಿಸಿತು. ಆಮೇಲೆ ಕೆಮ್ಮಣ್ಣು. ಒಂದೇ ದಿನಕ್ಕೆ ಅದು ಕೆಸರಾಯಿತು. ಹಳೇ ಪೇಪರು ಹಾಕಿದರೆ ಹರಿದು ಆಟವಾಡಿತು. ಹಾಲು ಕುಡಿದ ಕೂಡಲೇ ಎತ್ತಿ ಬೇಸಿನ್ನಿನಲ್ಲಿ ಕೂರಿಸುವರು, ಮುಂಗಾಲು ಹಿಡಿದು ಕೆರೆಯುವುದನ್ನು ತೋರಿಸುವರು, ಎದುರಿಗೆ ತಾವೂ ಕುಕ್ಕರುಗಾಲಿನಲ್ಲಿ ಕೂತು ಮುಖ ನೋಡುವರು. ಅಂಗನವಾಡಿಯಲ್ಲಿ ಅವರದು ಶುದ್ಧ ಕನ್ನಡ. ಮನೆಯ ಮಾತು ತೆಲುಗು, ತಾಳ್ಮೆ ಕಡಿಮೆಯಾದಾಗ ಅದು ಹೊರಗೆ ಬರುತ್ತಿತ್ತು. "ಇಕ್ಕಡ ಕೂಚೋ ನಾಯನಾ, ಇಕ್ಕಡ" ಎಂದು ಬೇಸಿನ್ನನ್ನು ತಟ್ಟಿ ತಟ್ಟಿ ಹೇಳುವರು. ಬೆಕ್ಕು ಎರಡು ಭಾಷೆಯನ್ನೂ ಕೇಳಿ ಬೇಕಾದ ಕಡೆ ಹೋಗುತ್ತಿತ್ತು. ಊರವರಿಗೆ ಒಳ್ಳೆಯ ತಮಾಷೆ ಸಿಕ್ಕಿತು. ದಾರಿಯಲ್ಲಿ ಹೋಗುವವರು ಇಣುಕಿ, "ಟೀಚರಮ್ಮ, ಪಾಸಾಯ್ತಾ" ಎಂದು ಕೇಳುವರು.

"ನೀನು ಪಾಸಾಗಕ್ಕೆ ಎಷ್ಟು ದಿನ ಆಯ್ತು ಅಂತ ನಿಮ್ಮಮ್ಮನ್ನ ಕೇಳು, ಹೋಗು" ಎಂಬುದು ಒಳಗಿನಿಂದ ಬರುತ್ತಿದ್ದ ಉತ್ತರ.

ದಾರಿ ಸಿಕ್ಕಿದ್ದು ನಮ್ಮ ಮನೆಯಂಗಳದಲ್ಲಿ. ನಮ್ಮಮ್ಮ ಅವತ್ತು ಹುಳುಗಳ ತಟ್ಟೆ ಶುಚಿ ಮಾಡಿ ಹಿಕ್ಕೆಯನ್ನು ಗೋಣಿತಾಟಿನ ಮೇಲೆ ಬಿಸಿಲಿಗೆ ಹರಡಿದ್ದಳು. ರೇಷ್ಮೆ ಹುಳು ಸೊಪ್ಪು ತಿಂದು ಉದುರಿಸುವುದು ಸಣ್ಣ ಕರಿ ಕಾಳಿನಂಥ ಹಿಕ್ಕೆ. ಒಣಗಿದರೆ ಹಗುರ, ಒದ್ದೆಯನ್ನು ಚೆನ್ನಾಗಿ ಹೀರುತ್ತದೆ, ವಾಸನೆಯೂ ಒಣ ಸೊಪ್ಪಿನದೇ. ನಮ್ಮಲ್ಲಿ ಅದನ್ನು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ, ಬೇರೆ ಯಾವುದಕ್ಕೂ ಯಾರೂ ಬಳಸಿದ್ದಿಲ್ಲ. ಟೀಚರಮ್ಮ ಬೆಕ್ಕನ್ನು ವೈರಿನ ಬುಟ್ಟಿಯಲ್ಲಿಟ್ಟುಕೊಂಡು ಅಮ್ಮನೊಡನೆ ಮಾತಾಡಲು ಬಂದಿದ್ದರು. ಬುಟ್ಟಿ ಇಳಿಸಿದ್ದೇ ತಡ, ಅದು ಜಿಗಿದು ಆ ಹಿಕ್ಕೆಯ ನಡುವೆ ಹೋಗಿ, ಕೆರೆದು, ಕೂತು, ಕಣ್ಣು ಅರ್ಧ ಮುಚ್ಚಿತು. ಆಮೇಲೆ ತಿರುಗಿ ನೀಟಾಗಿ ಮುಚ್ಚಿ ಬಂತು.

"ನನ್ನ ಗೊಬ್ಬರ ಹಾಳಾಯ್ತು" ಎಂದಳು ಅಮ್ಮ.

"ಚಪ್ಪಾಳೆ ತಟ್ಟಮ್ಮ ಮೊದ್ಲು" ಎಂದರು ಟೀಚರಮ್ಮ. ಅಮ್ಮ, ನಾನು, ಸೊಪ್ಪು ಹೊತ್ತು ಬರುತ್ತಿದ್ದ ಆಳು, ಮೂವರೂ ಚಪ್ಪಾಳೆ ತಟ್ಟಿದೆವು. ಅವರ ಮುಂದೆ ತಟ್ಟದಿರುವ ಅಭ್ಯಾಸ ನಮಗಿರಲಿಲ್ಲ.

ಅಲ್ಲಿಂದ ಮುಂದೆ ಬೇಸಿನ್ನಿಗೆ ಹಿಕ್ಕೆ. ಒಂದು ವಾರದಲ್ಲಿ ಬೆಕ್ಕು ಒಂದು ದಿನವೂ ತಪ್ಪದಂತಾಯಿತು. ಬೇಸಿನ್ನನ್ನು ಮನೆಯಿಂದ ಅಂಗನವಾಡಿಗೆ, ಅಂಗನವಾಡಿಯಿಂದ ಮನೆಗೆ ಸಾಗಿಸಿ ಪರೀಕ್ಷೆ ಮಾಡಿದರು. ಎಲ್ಲಿಟ್ಟರೂ ಹುಡುಕಿಕೊಂಡು ಹೋಗುತ್ತಿತ್ತು. ಮಕ್ಕಳು ಪ್ರತಿ ಸಲವೂ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆಯ ಆಸೆಗೆ ಒಂದು ಮಗು ಬೆಕ್ಕಿನ ಬೇಸಿನ್ನಿನಲ್ಲೇ ಹೋಗಿ ಕೂತದ್ದೂ ಆಯಿತು. ಅದಕ್ಕೂ ಟೀಚರಮ್ಮ ಬೈಯಲಿಲ್ಲ. "ಜಾಗ ತಪ್ಪು, ಬುದ್ಧಿ ಸರಿ" ಎಂದು ಎತ್ತಿಕೊಂಡು ಹೋದರು.

ಹೊರಟ ದಿನ ನಾನೇ ಬಸ್ಸಿಗೆ ಹತ್ತಿಸಿದೆ. ಸಾಮಾನೆಲ್ಲ ಮಗಳು ಟೆಂಪೋದಲ್ಲಿ ತರಿಸಿಕೊಂಡಿದ್ದಳು. ಇವರ ಕೈಯಲ್ಲಿ ವೈರಿನ ಬುಟ್ಟಿ, ಅದರ ಮೇಲೆ ಟವೆಲು, ಪಕ್ಕದಲ್ಲಿ ಒಂದು ಚೀಲ ಹಿಕ್ಕೆ. ಬುಟ್ಟಿಯೊಳಗಿಂದ ಮ್ಯಾಂವ್ ಎಂದಾಗ ಕಂಡಕ್ಟರ್ ಹಿಂದಕ್ಕೆ ತಿರುಗಿದ.

"ಬೆಕ್ಕಾ ಅಮ್ಮ? ಹೊರಡೋ ಹೊತ್ತಲ್ಲಿ ಬೆಕ್ಕು ಅಡ್ಡ ಬಂದ್ರೆ ಡ್ರೈವರ್ ಗಾಡಿ ಎತ್ತಲ್ಲ."

"ಅಡ್ಡ ಎಲ್ಲಿ ಬಂದಿದೆಯಪ್ಪ, ಜೊತೆಗೆ ಬಂದಿದೆ. ನೀನು ಯಾವೂರು?"

"ಮುರುಗಮಲ್ಲ."

"ನಮ್ಮೂರಲ್ಲಿ ಹುಟ್ಟಿದ್ರೆ ನಿನಗೂ ನಾನೇ ಹೇಳ್ಕೊಡ್ತಿದ್ದೆ" ಎಂದು ಕಿಟಕಿಯ ಪಕ್ಕ ಕೂತರು. ಏನನ್ನು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಸ್ಸು ಹೊರಟಾಗ ಅವರು ನನ್ನ ಕಡೆ ನೋಡಲಿಲ್ಲ, ಬುಟ್ಟಿಯ ಟವೆಲು ಸರಿಮಾಡುತ್ತಲೇ ಇದ್ದರು. ನನಗೆ ಅಳು ಬಂತು. ಶಿಡ್ಲಘಟ್ಟ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೂಗು ಒರೆಸಿಕೊಂಡೆ.

ಎರಡು ವಾರಕ್ಕೆ ಫೋನ್ ಬಂತು. ಚೀಲದ ಹಿಕ್ಕೆ ಮುಗಿದಿತ್ತು. ಮನೆ ಕಟ್ಟಿ ಉಳಿದಿದ್ದ ಎಂ-ಸ್ಯಾಂಡನ್ನು ಬೇಸಿನ್ನಿಗೆ ತುಂಬಿದರೆ ಹೊಸ ಅಡ್ಮಿಷನ್ ಅದರ ಸುತ್ತ ಅಳುತ್ತ ತಿರುಗಿ, ಕೊನೆಗೆ ಅಳಿಯನ ಶೂ ಒಳಗೆ ಕೂತಿತ್ತಂತೆ. ಅಳಿಯ ಅದನ್ನು ಹಾಕಿಕೊಂಡು ಕೆಲಸಕ್ಕೆ ತೊಂಡೇಬಾವಿಗೆ ಹೋಗುವವನು. ಮಗಳು ಒಂದು ಮಾತೂ ಆಡಿರಲಿಲ್ಲ. ಅವಳು ಮಾತಾಡದಿರುವುದೇ ಇವರಿಗೆ ಭಯ.

"ನಂದೇ ತಪ್ಪು ಕಣೋ" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದಿಲ್ಲ. "ಎಲ್ಲಾ ಕಡೆ ಸಿಗೋದ್ರಲ್ಲಿ ಕಲಿಸ್ಬೇಕಾಗಿತ್ತು. ನಮ್ಮೂರಲ್ಲಿ ಸಿಗೋದ್ರಲ್ಲಿ ಕಲಿಸ್ಬಿಟ್ಟೆ. ಪ್ರಪಂಚದಲ್ಲೆಲ್ಲ ಹುಳು ಸಾಕ್ತಾರೆ ಅಂದ್ಕೊಂಡಿದ್ದೆ. ಈ ಬೀದಿಯೋರಿಗೆ ಹಿಕ್ಕೆ ಅಂದ್ರೆ ಏನು ಅಂತ್ಲೇ ಗೊತ್ತಿಲ್ಲ. ಬೆಕ್ಕಿಂದು ಏನೂ ತಪ್ಪಿಲ್ಲ, ಹೇಳ್ಕೊಟ್ಟಿದ್ದನ್ನ ಮಾಡ್ತಿದೆ, ಪಾಪ."

"ಮತ್ತೆ ಏನ್ಮಾಡಣ ಟೀಚರಮ್ಮ?"

"ನೀನು ಮಂಚೇನಹಳ್ಳಿ ಸ್ಕೂಲಿಗೆ ಬರ್ತೀಯಲ್ಲ. ಶನಿವಾರ ಅರ್ಧ ದಿನ ಅಲ್ವಾ. ಹಂಗೇ ಇಲ್ಲಿವರೆಗೂ ಬಂದು ಒಂದು ಮೂಟೆ ಕೊಟ್ಟು ಹೋಗು. ಸ್ವಲ್ಪ ಸ್ವಲ್ಪ ಮರಳು ಬೆರೆಸಿ ಬದಲಾಯಿಸ್ತೀನಿ. ಒಂದೇ ಸಲಕ್ಕೆ ಬಿಡಿಸಿದ್ರೆ ಯಾವ ಮಗೂನೂ ಬಿಡಲ್ಲ."

ಹಾಗೆ ನನ್ನ ಶನಿವಾರಗಳು ಹಿಕ್ಕೆಗೆ ಸೇರಿದವು. ಬೆಳಿಗ್ಗೆ ಶಿಡ್ಲಘಟ್ಟದ ಬಸ್ಸಿನಲ್ಲಿ ಮೂಟೆ ಏರಿಸುವುದು, ಚಿಕ್ಕಬಳ್ಳಾಪುರದಲ್ಲಿ ಇಳಿಸಿ ಇನ್ನೊಂದು ಬಸ್ಸಿಗೆ ಏರಿಸುವುದು, ಮಂಚೇನಹಳ್ಳಿಯ ಸ್ಟಾಫ್ ರೂಮಿನ ಮೂಲೆಯಲ್ಲಿ ಇಡುವುದು, ಮಧ್ಯಾಹ್ನ ಗೌರಿಬಿದನೂರಿಗೆ ಒಯ್ಯುವುದು. ಒಂದು ಸಲ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮೂಟೆಯೊಳಗೆ ಕೈಹಾಕಿ, ಕಾಳು ಬೆರಳಲ್ಲಿ ಉಜ್ಜಿ, "ಎಳ್ಳು ಎಷ್ಟಕ್ಕೆ ತಂದ್ರಿ" ಎಂದು ಕೇಳಿದರು. ಹುಳದ ಹಿಕ್ಕೆ ಎಂದೆ. ಹೊಲಕ್ಕಾ ಎಂದರು. ಅಲ್ಲ, ಬೆಕ್ಕಿಗೆ ಎಂದೆ. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು ಮುಂದಿನ ಸೀಟಿಗೆ ಹೋದರು. ಶಾಲೆಯಲ್ಲಿ ನನಗೆ 'ಹಿಕ್ಕೆ ಮೇಷ್ಟ್ರು' ಎಂಬ ಹೆಸರು ಬಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಾದೆ.

ಗೌರಿಬಿದನೂರಿನಲ್ಲಿ ಅವರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ನಾನು ಮುಟ್ಟುವ ಹೊತ್ತಿಗೆ ಒಂದು ಬೇಯಿಸಿದ ಮೊಟ್ಟೆ ಬಿಡಿಸಿ ಇಟ್ಟಿರುವರು. ಅಂಗನವಾಡಿಯಲ್ಲಿ ಮೊಟ್ಟೆ ತಿನ್ನದೆ ಎದ್ದರೆ ಹೇಗೆ ಕೂರಿಸುತ್ತಿದ್ದರೋ ಹಾಗೇ ಇಲ್ಲಿಯೂ. ನಾನು ತಿನ್ನುತ್ತಿರುವಾಗ ಅವರು ಮೂಟೆಯ ಬಾಯಿ ಬಿಚ್ಚುವರು. ಕೈ ಒಳಗೆ ಬಿಟ್ಟು ಒಂದು ಹಿಡಿ ತೆಗೆದು, ಅಂಗೈಯಲ್ಲಿ ಹರಡಿ, ಮೂಗಿನ ಹತ್ತಿರ ಹಿಡಿಯುವರು. ಹುಳು ಬೆಳೆದಂತೆ ಹಿಕ್ಕೆಯೂ ದಪ್ಪವಾಗುತ್ತದೆ. ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಅದು. ಹುಳು ಪೊರೆ ಬಿಡಲು ಸೊಪ್ಪು ಬಿಟ್ಟು ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತೇವೆ.

"ಮೂರನೇ ಜ್ವರ ಎದ್ದಿರೋ ಹಂಗಿದೆ" ಎನ್ನುವರು.

"ಹೌದು, ಗುರುವಾರ ಎದ್ವು."

"ಹಂಗಾದ್ರೆ ನಿಮ್ಮಮ್ಮನಿಗೆ ಇನ್ನು ನಿದ್ದೆ ಇಲ್ಲ. ಸೊಪ್ಪು ಸಾಕಾಗುತ್ತಾ? ಮಂಡಿ ನೋವು ಹೆಂಗಿದೆ ಅವಳಿಗೆ?"

ಅಲ್ಲಿಂದ ಊರು ಶುರು. ಯಾರ ಮನೆಯಲ್ಲಿ ಗೂಡು ಇಳಿಯಿತು, ಯಾರ ಸೊಸೆ ತವರಿಗೆ ಹೋಗಿದ್ದಾಳೆ, ಹೊಂಗೆ ಮರದ ಕೊಂಬೆ ಕಡಿದವರು ಯಾರು, ಹೊಸ ಟೀಚರು ಮಕ್ಕಳನ್ನು ಮಲಗಿದೆದ್ದ ಮೇಲೆ ಹೊರಗೆ ಕರೆದುಕೊಂಡು ಹೋಗುತ್ತಾಳೋ ಇಲ್ಲವೋ. ಒಂದು ಸಲ ನಮ್ಮ ಮನೆಯಲ್ಲಿ ಹುಳುವಿನ ಬೆಳೆ ಇರಲಿಲ್ಲ, ಪಕ್ಕದ ಮನೆಯಿಂದ ತುಂಬಿಕೊಂಡು ಹೋಗಿದ್ದೆ. ಒಂದು ಹಿಡಿ ತೆಗೆದವರೇ, "ಇದು ನಿಮ್ಮನೇದಲ್ಲ. ಒಣಗಿಸೇ ಇಲ್ಲ ಸರಿಯಾಗಿ. ನಿಮ್ಮಮ್ಮ ಹಿಂಗೆ ಕಟ್ಟಿ ಕಳ್ಸೋಳಲ್ಲ" ಎಂದರು.

ಬೆಕ್ಕಿನ ಬಗ್ಗೆಯೂ ಪ್ರತಿ ವಾರ ಕೇಳುತ್ತಿದ್ದೆ. "ನಡೀತಿದೆ, ನಡೀತಿದೆ. ಅರ್ಧಕ್ಕರ್ಧ ಬಂದಿದೆ. ಹುಟ್ಟುಗುಣ ನೋಡು, ಬೇಗ ಬಿಡಲ್ಲ" ಎನ್ನುವರು. ಹೊಸ ಅಡ್ಮಿಷನ್ ಈಗ ದೊಡ್ಡ ಬೆಕ್ಕಾಗಿತ್ತು. ಮಗಳ ಸೋಫಾದ ಮೇಲೆ ಕಪ್ಪು ಕಿವಿ ಮೇಲಕ್ಕೆ ಮಾಡಿ ಮಲಗಿರುತ್ತಿತ್ತು. ಮಗಳು ಕೆಲಸದಿಂದ ಬಂದವಳು ಮೊದಲು ಅದನ್ನು ಎತ್ತಿಕೊಂಡು ಆಮೇಲೆ ಚಪ್ಪಲಿ ಬಿಡುವುದನ್ನು ನಾನೇ ನೋಡಿದ್ದೇನೆ. ಮನೆಯಲ್ಲಿ ಎಲ್ಲೂ ಗಲೀಜಿಲ್ಲ. ಅಳಿಯನ ಶೂ ನಿಶ್ಚಿಂತೆಯಾಗಿ ಬಾಗಿಲ ಹೊರಗೆ ಬಿದ್ದಿರುತ್ತಿತ್ತು. ಆದರೂ ಶನಿವಾರ ಬೆಳಗಾದರೆ ಫೋನ್ ಬರುವುದು ತಪ್ಪುತ್ತಿರಲಿಲ್ಲ. "ಮರೀಬೇಡ ಕಣೋ, ಖಾಲಿಯಾಗಿದೆ."

ಹೀಗೆ ಒಂದು ವರ್ಷ ಕಳೆಯಿತು. ಮಳೆಗಾಲದ ಒಂದು ಶನಿವಾರ ನಾನು ಹೋದಾಗ ಮೋಡ ಕವಿದಿತ್ತು. ಟೀಚರಮ್ಮ ಒಳಗೆ ಮೊಟ್ಟೆ ಬೇಯಿಸುತ್ತಿದ್ದರು. ಮಗಳು ಬಟ್ಟೆ ತರಲು ಮಹಡಿ ಮೆಟ್ಟಿಲು ಹತ್ತುತ್ತ, "ಅಣ್ಣ, ಮಳೆ ಬರೋ ಹಂಗಿದೆ, ಸ್ವಲ್ಪ ಕೈ ಹಾಕ್ತೀರಾ" ಎಂದಳು. ಅಷ್ಟು ದಿನ ನಾನು ಮಹಡಿ ಹತ್ತದೆ ಕೆಳಗಿನಿಂದಲೇ ವಾಪಸ್ಸಾದವನು. ಮೂಟೆಯನ್ನು ಕೆಳಗಿಟ್ಟು ಅವಳ ಹಿಂದೆ ಹೋದೆ.

ಮಹಡಿಯ ಮೇಲೆ ಒಂದು ತೋಟವೇ ಇತ್ತು. ಕರಿಬೇವು, ದೊಡ್ಡಪತ್ರೆ, ಬದನೆ, ಟೊಮೇಟೊ, ನಡುವೆ ಒಂದು ಡಬ್ಬದಲ್ಲಿ ನಮ್ಮೂರಿನ ಹಿಪ್ಪುನೇರಳೆ ಕಡ್ಡಿ ಚಿಗುರಿ ನನ್ನೆದೆಯೆತ್ತರ ನಿಂತಿತ್ತು. ಪ್ರತಿ ಡಬ್ಬದ ಬುಡದಲ್ಲೂ ಹಿಕ್ಕೆ ದಪ್ಪಗೆ ಹರಡಿತ್ತು. ಗೋಡೆಯ ಪಕ್ಕ ನನ್ನ ಮೂಟೆಗಳು, ಒಂದು ಹಿಡಿ ತೆಗೆದು ಮತ್ತೆ ಬಾಯಿ ಕಟ್ಟಿದ್ದು ಹಾಗೆಯೇ, ಒಂದರ ಮೇಲೊಂದು ಕೂತಿದ್ದವು. ನೀರಿನ ಟ್ಯಾಂಕಿನ ಕೆಳಗೆ ನೆರಳಿನಲ್ಲಿ ಹಳೇ ಬೇಸಿನ್. ಅದರ ತುಂಬ ಬರೀ ಎಂ-ಸ್ಯಾಂಡ್, ಒಂದು ಕಾಳು ಹಿಕ್ಕೆಯಿಲ್ಲ.

ನಾನು ಬಟ್ಟೆ ಹಿಡಿದುಕೊಂಡು ಅದನ್ನು ನೋಡುತ್ತ ನಿಂತೆ. ಮಗಳು ನನ್ನ ಮುಖ ನೋಡಿ ಬಟ್ಟೆಯ ಕಡೆ ತಿರುಗಿಕೊಂಡಳು. ಅಷ್ಟರಲ್ಲಿ ಟೀಚರಮ್ಮ ತಟ್ಟೆಯಲ್ಲಿ ಮೊಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದರು, ಅವರ ಕಾಲಿಗೆ ಸುತ್ತಿಕೊಂಡು ಬೆಕ್ಕೂ ಬಂತು. ಅದು ನಮ್ಮ ಮೂವರನ್ನೂ ದಾಟಿ, ಮೂಟೆಗಳ ಕಡೆ ತಿರುಗಿಯೂ ನೋಡದೆ, ನೇರ ಹೋಗಿ ಎಂ-ಸ್ಯಾಂಡ್ ಕೆರೆದು ಕೂತು ಕಣ್ಣು ಅರ್ಧ ಮುಚ್ಚಿತು. ಕೆಲಸ ಮುಗಿಸಿ, ಅಚ್ಚುಕಟ್ಟಾಗಿ ಮುಚ್ಚಿ, ಬೇಸಿನ್ನಿನಿಂದ ಇಳಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಟೀಚರಮ್ಮನವರ ಮುಖ ಗಂಭೀರವಾಯಿತು. ಆ ಮುಖವನ್ನು ಓದಲು ನನಗೆ ಅವರೇ ಕಲಿಸಿದ್ದರು. ಅವರು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಬೆಕ್ಕನ್ನು ಎತ್ತಿಕೊಂಡರು.

"ಇದಕ್ಕೆ ಇನ್ನೂ ಬುದ್ಧಿ ಬಂದಿಲ್ಲ ಕಣೋ" ಎಂದರು. "ಯಾರು ಬಂದಾಗ ಎಲ್ಲಿ ಕೂತ್ಕೋಬೇಕು ಅಂತ ಕಲ್ತೇ ಇಲ್ಲ."

"ನಿಧಾನಕ್ಕೆ ಕಲಿಯುತ್ತೆ ಬಿಡಿ ಟೀಚರಮ್ಮ" ಎಂದೆ. "ಒಂದೇ ಸಲಕ್ಕೆ ಯಾವ ಮಗೂನೂ ಕಲಿಯಲ್ಲ."

"ಮೊಟ್ಟೆ ತಿನ್ನು ಮೊದ್ಲು, ಆರೋಗುತ್ತೆ" ಎಂದು ಅವರು ಕೆಳಗೆ ಹೊರಟರು. ನಾಲ್ಕು ಮೆಟ್ಟಿಲು ಇಳಿದು ನಿಂತು, ತಿರುಗದೆಯೇ ಕೇಳಿದರು. "ಈ ಸಲದ್ದು ನಿಮ್ಮನೇದೇನೋ?"

"ನಮ್ಮನೇದೇ. ಹುಳು ಹಣ್ಣಾಗ್ತಾ ಇದೆ, ಇನ್ನೇನು ಗೂಡು ಕಟ್ಟುತ್ತೆ."

"ಹಂಗಾದ್ರೆ ಬೇಗ ಬಾ ಕೆಳಕ್ಕೆ. ಬಿಚ್ಚಿ ನೋಡಣ."

ಊರಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಒಳಗಿನಿಂದ ಹೊಸ ಗೋಣಿಚೀಲವೊಂದನ್ನು ತಂದು ಕೊಡವಿದಳು. ಮುಂದಿನ ಶನಿವಾರದ ಮೂಟೆಯನ್ನು ಇಬ್ಬರೂ ಸೇರಿ ಸ್ವಲ್ಪ ದೊಡ್ಡದಾಗಿಯೇ ಕಟ್ಟಿದೆವು.